ತಲೆಕೆಳಗಾದ ಮನುಷ್ಯ ಮತ್ತು ಹದಿನಾಲ್ಕು ತಟ್ಟೆಗಳು

ಬೀಜ ಮೊಳೆಯುವ ವೇಗದ ಕುರಿತ ನನ್ನ ಪ್ರಬಂಧವನ್ನು ಶುಕ್ರವಾರ ಒಪ್ಪಿಸದಿದ್ದರೆ ಪದವಿ ಒಂದು ವರ್ಷ ಮುಂದೆ ಹೋಗುತ್ತಿತ್ತು. ಹದಿನಾಲ್ಕು ತಟ್ಟೆಗಳ ಬೀಜಗಳು ಮಾತ್ರ ಎರಡು ದಿನ ತಡವಾಗಿ ಮೊಳೆತಿದ್ದವು. ದೋಷವೆಂದು ಅವನ್ನು ಕೈಬಿಟ್ಟಿದ್ದೆ, ಆದರೂ ಮನಸ್ಸು ಒಪ್ಪಿರಲಿಲ್ಲ.

ಚಿತ್ರ ಬರೆಯುವ ಅಕ್ಕ, ಜನ ಭವಿಷ್ಯ ನೋಡಲು ಬಳಸುವ ತನ್ನ ಟ್ಯಾರೋ ಚಿತ್ರದ ಕಾರ್ಡುಗಳನ್ನು ಮುಂದಿಟ್ಟಳು. "ಭವಿಷ್ಯ ಗಿವಿಷ್ಯ ಅಲ್ಲ ಕಣೇ ವಿಜ್ಞಾನಿ. ಕೆಲಸ ಕೈಕೊಟ್ಟಾಗ ನಾನೂ ಒಂದು ಎತ್ತಿ ಯೋಚಿಸ್ತೀನಿ. ಎತ್ತು, ಕಂಡಿದ್ದು ಹೇಳು."

ಬಂದದ್ದು ತಲೆಕೆಳಗಾಗಿ ನೇತಾಡುವ ಮನುಷ್ಯ.

"ನೇತಾಡ್ತಿದ್ದರೂ ಆರಾಮಾಗಿದಾನಲ್ಲೇ!" ಎಂದೆ.

"ನಿನಗೆ ಕಾಣದ್ದು ಅವನಿಗೆ ಕಾಣ್ತಿರಬೇಕು."

ಆ ದಿನವೇ ನಾನೂ ಲೆಕ್ಕವನ್ನು ತಲೆಕೆಳಗು ಮಾಡಿ, ಕೈಬಿಟ್ಟಿದ್ದ ತಟ್ಟೆಗಳಿಂದಲೇ ಆರಂಭಿಸಿದೆ. ಹದಿನಾಲ್ಕೂ ಪ್ರಯೋಗಾಲಯದ ಕಪಾಟಿನ ಕೆಳಗಿನ ಖಾನೆಯಲ್ಲಿದ್ದವು. ಥರ್ಮಾಮೀಟರ್ ಇಟ್ಟು ಅಳೆದರೆ ಅಲ್ಲಿ ಮೇಲಿನ ಖಾನೆಗಳಿಗಿಂತ ಎರಡು ಡಿಗ್ರಿ ಹೆಚ್ಚು ತಂಪು. ದೋಷವೆಂದದ್ದೇ ನನ್ನ ಫಲಿತಾಂಶವಾಯಿತು.

ನಡೆದದ್ದನ್ನೆಲ್ಲ ದಾಖಲಿಸಬೇಕೆಂಬುದು ನಮ್ಮ ಪ್ರಯೋಗಾಲಯದ ನಿಯಮ. ಹೀಗಾಗಿ ಕಾರ್ಡನ್ನೂ ದಾಖಲಿಸಿದ್ದೆ. ಅದನ್ನು ಓದಿದ ಮಾರ್ಗದರ್ಶಕಿ ಕನ್ನಡಕ ಇಳಿಸಿದರು.

"ಏನಮ್ಮ, ಉತ್ತರ ಕಾರ್ಡು ಹೇಳ್ತಾ?"

"ಇಲ್ಲ ಮೇಡಂ. ಅದು ನನ್ನಿಂದ ಪ್ರಶ್ನೆ ಕೇಳಿಸ್ತು. ಉತ್ತರ ಅಳೆದು ತಂದೆ."

ಅವರು ನಕ್ಕು ಆ ಪುಟಕ್ಕೆ ಸಹಿ ಹಾಕಿದರು. ಶುಕ್ರವಾರ ಒಪ್ಪಿಸಿದ ಪ್ರಬಂಧದಲ್ಲಿ ಕೃತಜ್ಞತೆಯ ಮೊದಲ ಸಾಲು ಅಕ್ಕನಿಗೆ. ಅದನ್ನು ಓದಿದವಳೇ ಅವಳು ಅಡುಗೆಮನೆಗೆ ಓಡಿದಳು: "ಅಮ್ಮಾ, ನಾನು ವಿಜ್ಞಾನದಲ್ಲಿ ಪಾಸಾದೆ!"