ಜುಬಿಲಿಯ ಶಾಲಾ ಬಸ್ಸಿನಲ್ಲಿ ನನಗೊಂದು ಸೀಟು

ಮಕ್ಕಳ ಪ್ರವಾಸಕ್ಕೆ ಜೊತೆ ಹೋಗುವ ದೊಡ್ಡವರಿಗೆ ಶಾಲೆಯವರು ಕೊಡುವ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ. ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. "ನಿಮಗೆ ಎಂದಾದರೂ ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯೆ?" ಪಕ್ಕದಲ್ಲಿ ಎರಡು ಪುಟ್ಟ ಚೌಕ. ಹೌದು, ಇಲ್ಲ. ಅದನ್ನು ನೋಡಿ ಬೆವರುವವರು ಬೆವರುತ್ತಾರೆ. ನಾನು ಬೆವರಲಿಲ್ಲ. "ಇಲ್ಲ" ಎಂಬಲ್ಲಿ ಸರಕ್ಕನೆ ಗುರುತು ಹಾಕಿ ಕೊಟ್ಟು ಬಂದೆ. ನಾನು ಮಹಾ ಬುದ್ಧಿವಂತೆ ಅಂದುಕೊಂಡಿದ್ದೆ ನೋಡಿ!

ನನ್ನ ಹೆಸರು ಲವೋನಿಯಾ ಟೀಸ್ಲಿ. ವಯಸ್ಸು ಐವತ್ತಾರು. ಓಹಾಯೋ ನದಿಯ ದಡದ ಪುಟ್ಟ ಊರಿನಲ್ಲಿ ಹೆಂಗಸರ ಕೂದಲು ಹೆಣೆಯುವ, ನೇರ ಮಾಡುವ ಅಂಗಡಿ ನನ್ನದು. ಭಾನುವಾರ ಬಿಳಿ ಕೈಗವಸು ಹಾಕಿಕೊಂಡು ಚರ್ಚಿನ ಬಾಗಿಲಲ್ಲಿ ನಿಂತು, ಬಂದವರನ್ನು ಜಾಗ ತೋರಿಸಿ ಕೂರಿಸುತ್ತೇನೆ. ಮೊಮ್ಮಗಳು ಜುಬಿಲಿಗೆ ಏಳು ವರ್ಷ. ಅವಳ ತರಗತಿಯನ್ನು ಮೇ ತಿಂಗಳಲ್ಲಿ ನದಿಯ ಹಳೆಯ ಹಬೆ ದೋಣಿ ತೋರಿಸಲು ಕರೆದುಕೊಂಡು ಹೋಗುತ್ತಾರೆ. ಮಕ್ಕಳ ಜೊತೆ ಬಸ್ಸಿನಲ್ಲಿ ನಾಲ್ಕೈದು ಮನೆಗಳ ದೊಡ್ಡವರೂ ಹೋಗಬೇಕು. ನನ್ನ ಮಗಳಿಗೆ ಗೋದಾಮಿನ ಕೆಲಸದಲ್ಲಿ ರಜೆ ಸಿಗುವುದಿಲ್ಲ. ಹಾಗಾಗಿ ಜುಬಿಲಿ ಸೆಪ್ಟೆಂಬರಿನಲ್ಲೇ ಹಟ ಹಿಡಿದಳು, "ನಮ್ಮನೆಯಿಂದ ಅಜ್ಜಿ ಬರ್ತಾಳೆ."

ಫಾರಂ ಕೊಟ್ಟ ಮೂರು ವಾರಕ್ಕೆ ಶಾಲೆಯಿಂದ ಕಾಗದ ಬಂತು. ನನ್ನ ಹೆಸರಿನಲ್ಲಿ ಅಪರಾಧದ ದಾಖಲೆ ಇದೆ, ಫಾರಂನಲ್ಲಿ ಸುಳ್ಳು ಹೇಳಿದ್ದೇನೆ, ಮಕ್ಕಳ ಜೊತೆ ಹೋಗುವ ಹಾಗಿಲ್ಲ.

ದಾಖಲೆ ಸುಳ್ಳಲ್ಲ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಒಬ್ಬನನ್ನು ನಂಬಿಕೊಂಡಿದ್ದೆ. ಅವನು ಕದ್ದ ಕಾರ್ ರೇಡಿಯೋಗಳನ್ನು ನನ್ನ ಮನೆಯಲ್ಲಿ ತಂದಿಟ್ಟ. ಪೊಲೀಸರು ಬಂದಾಗ ಅವನು ಇರಲಿಲ್ಲ, ನಾನಿದ್ದೆ. ಶಿಕ್ಷೆಯಾಯಿತು, ಅನುಭವಿಸಿದೆ, ಮುಗಿಯಿತು. ಆಮೇಲೆ ಏಳು ವರ್ಷ ಕಳೆದರೆ ದಾಖಲೆ ತಾನೇ ಅಳಿಸಿಹೋಗುತ್ತದೆ ಎಂದು ಯಾರೋ ಹೇಳಿದರು. ನಮ್ಮ ಕಡೆ ಎಲ್ಲರೂ ಹೇಳುವುದೇ ಇದನ್ನು. ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತವರಿಗೆ ನಾನೇ ಎಷ್ಟು ಸಲ ಹೇಳಿದ್ದೇನೋ, ದೇವರೇ ಬಲ್ಲ.

ನನಗೆ ಮೊಣಕಾಲು ನೋವು, ಬರಲಾಗುವುದಿಲ್ಲ ಎಂದು ಜುಬಿಲಿಗೆ ಹೇಳಿದೆ.

"ಅಜ್ಜಿ, ಚರ್ಚಲ್ಲಿ ಕುಣಿಯೋವಾಗ ನೋಯಲ್ವಾ ಅದು?"

"ಅದು ಬೇರೆ, ಇದು ಬೇರೆ ಕಣೇ."

ಅವಳು ಶೂ ದಾರ ಎಳೆಯುತ್ತ ಮೆಲ್ಲಗೆ ಕೇಳಿದಳು, "ನನ್ ಜೊತೆ ಬರೋಕೆ ನಿಂಗೆ ನಾಚ್ಕೇನಾ?"

ನನ್ನ ನಾಚಿಕೆಯನ್ನು ಈ ಮಗು ತನ್ನ ತಲೆ ಮೇಲೆ ಹೊತ್ತುಕೊಂಡಿತ್ತು.

ಆ ವಾರ ಕೀಯೋನಾ ಕೂದಲು ನೇರ ಮಾಡಿಸಿಕೊಳ್ಳಲು ಬಂದಳು. ಆರು ವರ್ಷದವಳಿದ್ದಾಗಿನಿಂದ ಅವಳ ತಲೆ ನನ್ನ ಕೈಯಲ್ಲೇ. ಈಗ ಬಡವರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ಕಚೇರಿಯಲ್ಲಿ ಕೆಲಸ. ಕಾಯಿಸಿದ ಬಾಚಣಿಗೆಯನ್ನು ನಾನು ಮೈಮರೆತು ಅವಳ ಕಿವಿಯ ಹತ್ತಿರವೇ ಹಿಡಿದಿದ್ದು ಕನ್ನಡಿಯಲ್ಲಿ ಅವಳಿಗೆ ಕಾಣಿಸಿತು.

"ಲವಿ ಆಂಟಿ, ಏನಾಗಿದೆ ಹೇಳಿ. ನನ್ ಕಿವಿ ಸುಟ್ಟ ಮೇಲೆ ಹೇಳ್ಬೇಡಿ."

ಹೇಳಿಬಿಟ್ಟೆ. ಮಗಳಿಗೂ ಪೂರ್ತಿ ಹೇಳದೆ ಇದ್ದದ್ದನ್ನು ಹೇಳಿದೆ. "ಏಳು ವರ್ಷ ಅಲ್ಲ, ಮೂವತ್ತೆರಡು ವರ್ಷ ಆಯ್ತಲ್ಲೇ! ಇನ್ನೂ ಯಾಕೆ ಬೆನ್ನು ಬಿಟ್ಟಿಲ್ಲ?"

"ಏಳು ವರ್ಷಾನೂ ಇಲ್ಲ, ಎಪ್ಪತ್ತು ವರ್ಷಾನೂ ಇಲ್ಲ ಆಂಟಿ. ನಿಮ್ಮ ಕೇಸು ತಾನಾಗೇ ಹೋಗಲ್ಲ. ಕೋರ್ಟಿಗೆ ಅರ್ಜಿ ಹಾಕಿ ಅಳಿಸಿಸ್ಕೋಬೇಕು. ಎಕ್ಸ್‌ಪಂಜ್ಮೆಂಟ್ ಅಂತಾರೆ."

"ಹೋಗೇ! ಟಿವೀಲಿ ಬರ್ತಾರಲ್ಲ, ಕಾಸು ಕೊಡಿ ನಿಮ್ಮ ಹೆಸರು ತೊಳೆದು ಕೊಡ್ತೀವಿ ಅಂತ? ಅಂಥದ್ದೇ ಟೋಪಿ ಇದೂ."

"ಅವರ ಹತ್ರ ಹೋಗ್ಲೇಬೇಡಿ. ಅರ್ಜಿ ಹಾಕೋದು ನಿಮಗೆ ಶಿಕ್ಷೆ ಕೊಟ್ಟ ಕೋರ್ಟಿಗೇ. ನಾವು ಪುಕ್ಕಟೆ ಬರೆದು ಕೊಡ್ತೀವಿ. ಕೋರ್ಟಿನ ಶುಲ್ಕ ಕಟ್ಟೋಕಾಗದೆ ಇದ್ರೆ ಮಾಫಿ ಕೇಳೋಕೂ ಒಂದು ಕಾಗದ ಇದೆ."

"ಜಡ್ಜ್ ಆಗಲ್ಲ ಅಂದ್ರೆ?"

"ಅನ್ನಬಹುದು. ಎಲ್ಲಾ ಅಪರಾಧಾನೂ ಅಳಿಸಲ್ಲ. ಮೈಮೇಲೆ ಬಿದ್ದು ಹೊಡೆದಿದ್ದು, ಮಕ್ಕಳಿಗೆ ತೊಂದರೆ ಮಾಡಿದ್ದು, ಅಂಥವು ಕಷ್ಟ. ನಿಮ್ಮದು ಆ ಜಾತಿಯದಲ್ಲ. ಶಿಕ್ಷೆ ಮುಗಿದಿದೆ, ಕಾಯಬೇಕಾದ ಕಾಲ ಯಾವಾಗಲೋ ಕಳೆದಿದೆ, ಆಮೇಲೆ ಒಂದೂ ಕೇಸಿಲ್ಲ. ಕೇಳೋಕೆ ಏನು ಕಷ್ಟ?"

"ಹೋದದ್ದನ್ನ ಕೆದಕಿದ ಹಾಗಾಗುತ್ತೆ ಕಣೇ."

"ಕೆದಕಿದ್ದಾಯ್ತಲ್ಲ ಆಂಟಿ, ಶಾಲೆಯವರು. ಈಗ ಮುಚ್ಚೋದು ಹೇಗೆ ಅಂತ ನೋಡೋಣ." ಅವಳು ನನ್ನ ಮೊಣಕೈ ಹಿಡಿದುಕೊಂಡಳು. "ಶನಿವಾರ ಬನ್ನಿ. ದಿನವಿಡೀ ಅರ್ಜಿ ಬರೆದು ಕೊಡ್ತೀವಿ. ನಿಮ್ಮ ಚರ್ಚಿನ ನೆಲಮಾಳಿಗೆಯಲ್ಲೇ."

ನನ್ನ ಚರ್ಚಿನಲ್ಲೇ! ಬಿಳಿ ಕೈಗವಸು ಹಾಕಿಕೊಂಡು ನಾನು ನಿಲ್ಲುವ ಬಾಗಿಲಿನಲ್ಲೇ ಹಾದು, ಕಳ್ಳಮಾಲಿನ ಕಾಗದ ಕಂಕುಳಲ್ಲಿಟ್ಟುಕೊಂಡು ಇಳಿಯಬೇಕು. ಅದರ ಬದಲು ಭೂಮಿ ಬಾಯಿ ಬಿಟ್ಟರೆ ವಾಸಿ ಅನ್ನಿಸಿತು.

ಆದರೂ ಕೀಯೋನಾ ಹೇಳಿದ ಹಾಗೆ ಕೋರ್ಟಿನ ಗುಮಾಸ್ತೆಯ ಹತ್ತಿರ ಹೋಗಿ ಹಳೆಯ ತೀರ್ಪಿನ ನಕಲು, ಕೇಸಿನ ನಂಬರು ತಂದೆ. ಅವಳು ಮುಖ ಕೂಡ ಎತ್ತಿ ನೋಡಲಿಲ್ಲ. ದಿನಕ್ಕೆ ಹತ್ತು ಜನ ಕೇಳುತ್ತಾರಂತೆ.

ಶನಿವಾರ ಒಂದು ಉಪಾಯ ಮಾಡಿದೆ. ದೊಡ್ಡ ಪಾತ್ರೆಯ ತುಂಬ ಮ್ಯಾಕರೋನಿ ಚೀಸ್ ಬೇಯಿಸಿದೆ. ಯಾರಾದರೂ ಕಂಡರೆ, "ಊಟಕ್ಕೆ ಕೊಟ್ಟು ಹೋಗೋಣ ಅಂತ ಬಂದೆ" ಎನ್ನುವುದು. ಕಾಗದಗಳನ್ನು ಪಾತ್ರೆಯ ಕೆಳಗೆ ಒತ್ತಿ ಹಿಡಿದು ಮೆಟ್ಟಿಲು ಇಳಿದೆ.

ಕೆಳಗೆ ಸಾಲು ಕುರ್ಚಿಗಳ ಮೇಲೆ ಇಪ್ಪತ್ತೈದು ಜನ. ಎಲ್ಲರೂ ನನ್ನವರೇ. ಎಲ್ಲರ ಕಣ್ಣೂ ಅವರವರ ಶೂ ಮೇಲೆ. ಚರ್ಚಿನ ಕಾಣಿಕೆ ಎತ್ತುವ ರೂಫಸಣ್ಣ ಒಂದು ಏಣಿ ಹಿಡಿದು, ಚೆನ್ನಾಗಿಯೇ ಉರಿಯುತ್ತಿದ್ದ ಬಲ್ಬಿನ ಕೆಳಗೆ ನಿಂತಿದ್ದ. ಮುಂದಿನ ಸಾಲಿನಲ್ಲಿ ಒಝೆಲಾ ಅಕ್ಕ. ಚರ್ಚಿನ ಹೆಂಗಸರ ಮುಖಂಡಳು, ಎಪ್ಪತ್ತೊಂದು ವರ್ಷ. ಅವಳು ಕೆಮ್ಮಿದರೆ ಪಾದ್ರಿಗಳೂ ಪ್ರವಚನ ಮೊಟಕು ಮಾಡುತ್ತಾರೆ.

"ಬಾಗಿಲು ಹಾಕೇ, ಚಳಿ ಬರುತ್ತೆ," ಎಂದಳು. "ಏನದು ಕೈಯಲ್ಲಿ?"

"ಊಟಕ್ಕೆ ಅಂತ ಅಕ್ಕ... ಮ್ಯಾಕರೋನಿ."

"ಊಟ ಯಾರು ಹೇಳಿದ್ರು ಇವತ್ತು? ಅಲ್ನೋಡು ಮೇಜಿನ ಮೇಲೆ. ನಿಂದು ಸೇರಿದ್ರೆ ನಾಲ್ಕನೇ ಪಾತ್ರೆ."

ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ನೆಲಮಾಳಿಗೆ ಬಿದ್ದು ಬಿದ್ದು ನಕ್ಕಿತು. ರೂಫಸಣ್ಣ ಏಣಿ ಗೋಡೆಗೆ ಒರಗಿಸಿ ಕುರ್ಚಿ ಎಳೆದುಕೊಂಡ. ಆಗ ನೋಡಿದೆ, ಒಝೆಲಾ ಅಕ್ಕನ ಮಡಿಲಲ್ಲೂ ಕಾಗದದ ಕಟ್ಟಿತ್ತು.

"ನೀವೂನಾ ಅಕ್ಕ?"

"ಹತ್ತೊಂಬತ್ತು ವರ್ಷ ನನಗೆ. ಅಂಗಡಿಗೆ ಹೋದೆ, ಕೆಂಪು ಶೂ ಹಾಕಿ ನೋಡಿದೆ, ಹಾಗೇ ನಡೆದುಬಿಟ್ಟೆ. ಈ ಚರ್ಚಲ್ಲಿ ನನ್ನ ಕಾಲಲ್ಲಿ ಕೆಂಪು ಶೂ ನೋಡಿದ್ದೀಯಾ ಯಾವತ್ತಾದ್ರೂ?"

ನೋಡಿರಲಿಲ್ಲ. ಮೂವತ್ತು ವರ್ಷ ಅಕ್ಕಪಕ್ಕ ನಿಂತು ಹಾಡಿದ್ದೇವೆ, ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡೇ ಹಾಡಿದ್ದೇವೆ. ಅವಳ ಪಕ್ಕ ಕೂತು ಅತ್ತೆ. ಅವಳು ಕರವಸ್ತ್ರ ಕೊಟ್ಟು, "ಮೂಗು ಒರೆಸ್ಕೋ, ಅರ್ಜಿ ಮೇಲೆ ಬಿದ್ದೀತು," ಎಂದಳು.

ಕೀಯೋನಾ ಒಂದೊಂದೇ ಕೇಳಿ ನನ್ನ ಅರ್ಜಿ ತುಂಬಿದಳು. ನನ್ನ ನಡತೆಯ ಬಗ್ಗೆ ಊರವರ ಪತ್ರ ಬೇಕೆಂದಾಗ ಒಝೆಲಾ ಅಕ್ಕ ಅಲ್ಲೇ ಪೆನ್ನು ತೆಗೆದಳು. ಪತ್ರದಲ್ಲಿ ನನ್ನನ್ನು ಹೊಗಳಿದ್ದಳು. ಎದುರಿಗೆ ಒಮ್ಮೆಯೂ ಹೊಗಳಿದವಳಲ್ಲ, ಪುಣ್ಯಾತ್ಗಿತ್ತಿ!

ಮಾರ್ಚಿನಲ್ಲಿ ವಿಚಾರಣೆ. ಏನು ಹೇಳಬೇಕೆಂದು ಬರೆದುಕೊಂಡು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಒಝೆಲಾ ಅಕ್ಕ ಬಿಳಿ ಕೈಗವಸು ಹಾಕಿ ಕೂತಿದ್ದಳು. ಸರ್ಕಾರಿ ವಕೀಲರು ಆಕ್ಷೇಪಣೆ ಇಲ್ಲ ಎಂದರು. ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿದರು.

"ಶ್ರೀಮತಿ ಟೀಸ್ಲಿ, ಆ ಮಾಲು ಕದ್ದಿದ್ದು ಅಂತ ನಿಮಗೆ ಗೊತ್ತಿತ್ತಾ?"

ಮೂವತ್ತೆರಡು ವರ್ಷದಿಂದ ಗೊತ್ತಿರಲಿಲ್ಲ ಎಂದೇ ಹೇಳಿಕೊಂಡು ಬಂದಿದ್ದೆ. ನನಗೆ ನಾನೇ ಹೇಳಿಕೊಂಡಿದ್ದೆ. ಕೈಯಲ್ಲಿದ್ದ ಚೀಟಿಯಲ್ಲೂ ಅದೇ ಇತ್ತು. ಜುಬಿಲಿಯ ಮುಖ ಕಣ್ಣ ಮುಂದೆ ಬಂತು. ಚೀಟಿ ಮಡಚಿದೆ.

"ಗೊತ್ತಿತ್ತು ತಾಯಿ. ರೇಡಿಯೋಗಳಲ್ಲಿ ಕತ್ತರಿಸಿದ ತಂತಿ ನೇತಾಡ್ತಿತ್ತು. ಯಾರಿಗಾದ್ರೂ ಗೊತ್ತಾಗುತ್ತೆ. ಅವನು ಬಿಟ್ಟು ಹೋಗ್ತಾನೆ ಅಂತ ಹೆದರಿ ಸುಮ್ನಿದ್ದೆ. ತಪ್ಪು ನಂದೇ. ಈಗ ಮೊಮ್ಮಗಳ ಮುಂದೆ ಇನ್ನೊಂದು ಸುಳ್ಳು ಹೇಳಿದ್ದೀನಿ, ಮೊಣಕಾಲು ನೋವು ಅಂತ. ಇನ್ನು ಸಾಕು."

ನ್ಯಾಯಾಧೀಶೆ ಪತ್ರಗಳನ್ನು ಇನ್ನೊಮ್ಮೆ ತಿರುವಿದರು. "ಅವತ್ತು ಸುಮ್ಮನಿದ್ದ ಆ ಹುಡುಗಿಗೂ ನಿಮಗೂ ಈಗ ಸಂಬಂಧ ಇಲ್ಲ ಅನ್ನಿಸುತ್ತೆ ನನಗೆ," ಎಂದು ದಾಖಲೆ ಅಳಿಸುವ ಆದೇಶಕ್ಕೆ ಸಹಿ ಹಾಕಿದರು. ಹಿಂದಿನ ಸಾಲಿನಿಂದ ಒಂದು ಜೋರಾದ "ಆಮೆನ್" ಬಂತು. ಕೋರ್ಟಿನಲ್ಲಿ ಹಾಗೆಲ್ಲ ಕೂಗಬಾರದು. ಯಾರೂ ಬೈಯಲಿಲ್ಲ.

ಹೊರಗೆ ಕೀಯೋನಾ ಬಿಡದೆ ಬುದ್ಧಿ ಹೇಳಿದಳು, "ಮೊಹರು ಹಾಕಿದ ಆದೇಶದ ಪ್ರತಿ ಎರಡು ಮೂರು ತಗೊಂಡು ಜೋಪಾನವಾಗಿಡಿ ಆಂಟಿ. ಹಿನ್ನೆಲೆ ತಪಾಸಣೆ ಮಾಡೋ ಖಾಸಗಿ ಕಂಪನಿಗಳ ಹತ್ರ ಹಳೇ ಪಟ್ಟಿ ಉಳಿದಿರುತ್ತೆ. ಮತ್ತೆ ನಿಮ್ಮ ಹೆಸರು ಬಂದ್ರೆ ಇದನ್ನ ಕಳಿಸಿ ತೆಗೆಸಬೇಕು. ಇನ್ನು ಮುಂದೆ ಯಾವ ಫಾರಂ ಬಂದ್ರೂ ಏನು ಬರೀಬೇಕು ಅಂತ ನನ್ನ ಕೇಳಿ ಬರೀರಿ. ಅಂಗಡಿಯಲ್ಲಿ ಕೇಳಿ ಅಲ್ಲ!"

ನಾನು ಶಾಲೆಗೆ ಹೋಗಿ ಆದೇಶ ತೋರಿಸಿದೆ. ಹಿಂದಿನ ಫಾರಂನಲ್ಲಿ ತಪ್ಪು ಬರೆದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಆ ಕಚೇರಿಯ ಹೆಂಗಸು ಹೊಸ ಫಾರಂ ಕೊಟ್ಟು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಆ ಕಾನೂನು ನೆರವಿನ ಹುಡುಗಿ ನಂಬರ್ ಇದೆಯೇನ್ರೀ? ನನ್ನ ತಮ್ಮನಿಗೆ," ಎಂದಳು. ಕೊಟ್ಟೆ.

ಮೇ ತಿಂಗಳ ಬೆಳಿಗ್ಗೆ ಹಳದಿ ಬಸ್ಸಿನ ಮೆಟ್ಟಿಲು ಹತ್ತಿದೆ. ಜುಬಿಲಿ ತನ್ನ ಪಕ್ಕದ ಸೀಟಿನ ಮೇಲೆ ಎರಡೂ ಕೈ ಚಾಚಿ, ಯಾರಿಗೂ ಬಿಡದೆ ಕಾದಿದ್ದಳು.

"ಅಜ್ಜಿ, ಮೊಣಕಾಲು?"

"ಅದು ಯಾವತ್ತೂ ನೋಯ್ತಿರಲಿಲ್ಲ ಕಣೇ. ಚಿಕ್ಕವಳಿದ್ದಾಗ ಅಜ್ಜಿ ಒಂದು ತಪ್ಪು ಮಾಡಿದ್ಲು. ಅದನ್ನ ಹೇಳೋಕೆ ನಾಚ್ಕೆ ಆಗಿತ್ತು. ನಿನ್ ಜೊತೆ ಬರೋಕಲ್ಲ."

ಅವಳು ಯೋಚಿಸಿದಳು. "ಸಾರಿ ಹೇಳಿದ್ಯಾ?"

"ಹೇಳಿದೆ."

"ಹಾಗಾದ್ರೆ ಕೂತ್ಕೋ," ಎಂದು ಕೈ ತೆಗೆದಳು. ಕೂತೆ.

ಕೀಯೋನಾ, ಒಝೆಲಾ ಅಕ್ಕ, ಮುಖ ಎತ್ತದೆ ನಕಲು ಕೊಟ್ಟ ಗುಮಾಸ್ತೆ, ಸಹಿ ಹಾಕಿದ ಆ ತಾಯಿ, ಇವರ ಋಣ ನಾನು ಹೇಗೆ ತೀರಿಸಲಿ? ನಿಮಗೆ ಹೇಳಿ ತೀರಿಸೋಣ ಅಂತ ಹೊರಟಿದ್ದೇನೆ. ಏಳು ವರ್ಷದ ಕಥೆ ನಂಬಬೇಡಿ. ಹಳೆಯ ದಾಖಲೆ ಇದ್ದರೆ ಶಿಕ್ಷೆಯಾದ ಕೋರ್ಟಿನಿಂದ ಕಾಗದ ತೆಗೆಸಿ. ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು ಇರುತ್ತದೆ, ಆದ್ದರಿಂದ ನಿಮ್ಮ ಊರಿನ ಉಚಿತ ಕಾನೂನು ನೆರವಿನವರನ್ನೇ ಕೇಳಿ. ನಾಚಿಕೆಯಾದರೆ ಮ್ಯಾಕರೋನಿ ಪಾತ್ರೆ ಹಿಡಿದುಕೊಂಡೇ ಹೋಗಿ, ಪರವಾಗಿಲ್ಲ. ಆದರೆ ಹೋಗಿ. ನಿಮಗಾಗಿಯೂ ಯಾರೋ ಒಬ್ಬರು ಪಕ್ಕದ ಸೀಟಿನ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದಾರೆ.