ಕಿವುಡರ ಪಂಕ್ತಿ

ಶವಪೆಟ್ಟಿಗೆ ಹೊಸ್ತಿಲು ದಾಟಿದ್ದೇ ತಡ, ಅದನ್ನು ಇಟ್ಟಿದ್ದ ಎರಡು ಸ್ಟೂಲುಗಳನ್ನು ತೈಸಿಯಾ ಕಾಲಿನಿಂದಲೇ ತಳ್ಳಿ ಬೋರಲು ಹಾಕಿದಳು. ಹಾಗೆ ಹಾಕದಿದ್ದರೆ ಸಾವು ಇನ್ನೊಬ್ಬರನ್ನು ಹುಡುಕಿಕೊಂಡು ಬಂದು ಅವುಗಳ ಮೇಲೆ ಕೂರುತ್ತದಂತೆ. ಕಟ್ಟಿಕೊಂಡ ಗಂಡ ಕೊನೆಯ ಸಲ ಮೆಟ್ಟಿಲಿಳಿಯುತ್ತಿದ್ದರೂ ಮುದುಕಿ ಶಾಸ್ತ್ರ ಬಿಡುವವಳಲ್ಲ.

ತೂಲಾ ಊರಿನ ಆ ಹಳೆಯ ಕಟ್ಟಡಕ್ಕೆ ಲಿಫ್ಟಿಲ್ಲ. ಮೆಟ್ಟಿಲೋ, ಇಬ್ಬರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಪೆಟ್ಟಿಗೆ ಹೊತ್ತವರು ಕಾರ್ಖಾನೆಯ ಗಟ್ಟಿ ಆಳುಗಳು. ಅವರಿಗೆ ದಾರಿ ಹೇಳಲು ನಿಂತವರು ಪೆಟ್ಟಿಗೆಯಲ್ಲಿ ಮಲಗಿದ್ದ ಮತ್ವೇಯ್ ಲುಕಿಚ್‌ನ ಹಳೆಯ ಜೊತೆಗಾರರು. ಅವನು ಬಂದೂಕುಗಳನ್ನು ರೂಪಿಸುತ್ತಿದ್ದ, ಇವರು ಅವನ್ನು ಹಾರಿಸಿ ಪರೀಕ್ಷಿಸುತ್ತಿದ್ದರು. ಆ ಕೆಲಸದಲ್ಲಿ ಸಂಬಳದ ಜೊತೆ ಎಲ್ಲರಿಗೂ ಕಿವುಡು ಸಿಕ್ಕಿತ್ತು.

"ಕಾಲು ಮುಂದೆ, ಕಾಲು ಮುಂದೆ," ಎಂದು ಸವೇಲಿ ಇಗ್ನಾತಿಚ್ ಅರಚಿದ.

"ನನ್ನ ಕಾಲು ಚೆನ್ನಾಗೇ ಇದೆ," ಎಂದು ಕೆಳಗಿನಿಂದ ಇನ್ನೊಬ್ಬ ಮುದುಕ ಉತ್ತರಿಸಿದ.

ಮಗಳು ಜೋಯಾಗೆ ನಗು ಬಂತು, ಅಳು ಬರಲಿಲ್ಲ. ಹಿಂದಿನ ದಿನ ರೊಸ್ತೋವಿನಿಂದ ಬಂದಿಳಿದಾಗಿನಿಂದಲೂ ಬಂದಿರಲಿಲ್ಲ. ಅಲ್ಲಿ ಅವಳು ಶಸ್ತ್ರಚಿಕಿತ್ಸೆಯ ವೈದ್ಯೆ. ದಕ್ಷಿಣದ ಯುದ್ಧದಿಂದ ಮೀಸೆ ಸರಿಯಾಗಿ ಮೂಡದ ಹುಡುಗರು ಸ್ಟ್ರೆಚರಿನ ಮೇಲೆ ಬರುತ್ತಿದ್ದರು. ಅವರ ಮೈಯಿಂದ ಗುಂಡು ತೆಗೆದು ತಟ್ಟೆಗೆ ಹಾಕುವಾಗಲೆಲ್ಲ ಅವಳಿಗೆ ಒಂದೇ ಯೋಚನೆ, ಇದನ್ನು ಹಾರಿಸಿದ್ದು ಅಪ್ಪ ಮಾಡಿದ ಬಂದೂಕೇ ಆಗಿದ್ದರೆ?

ಮಣ್ಣು ಮಾಡಿ ಬಂದ ಮೇಲಿನ ಊಟವೇ ಅವಳ ಹೆದರಿಕೆ. ಅಲ್ಲಿ ಒಬ್ಬೊಬ್ಬರೂ ಗ್ಲಾಸು ಹಿಡಿದು ಎದ್ದು, ಹೋದವನ ಬಗ್ಗೆ ಒಂದು ಒಳ್ಳೆಯ ಮಾತು ಆಡಲೇಬೇಕು. ಮಗಳೇ ಸುಮ್ಮನೆ ಕೂತರೆ ಅಪ್ಪನಿಗೆ ಅದಕ್ಕಿಂತ ಅವಮಾನವಿಲ್ಲ. ಬಾಯಿಗೆ ಬಂದದ್ದು ಹೇಳಿ ಮುಗಿಸೋಣವೆಂದರೆ, ಅಪ್ಪನ ಮೇಲಿನ ಪ್ರೀತಿ ಸುಳ್ಳಾಡಲು ಬಿಡುತ್ತಿರಲಿಲ್ಲ.

\*

ಆಗಿನ ಕಾಲದಲ್ಲಿ ಗುಟ್ಟಿನ ಕಾರ್ಖಾನೆಗಳಿಗೆ ಹೆಸರಿರುತ್ತಿರಲಿಲ್ಲ, ಒಂದು ಅಂಚೆಪೆಟ್ಟಿಗೆಯ ನಂಬರು ಮಾತ್ರ ಇರುತ್ತಿತ್ತು. ಯಜಮಾನರು ಎಲ್ಲಿ ಕೆಲಸ ಅಂದರೆ, ಅಂಚೆಪೆಟ್ಟಿಗೆಯಲ್ಲಿ ಅನ್ನುವುದು. ದೊಡ್ಡವರಿಗೆ ಅರ್ಥವಾಗುತ್ತಿತ್ತು. ಪುಟ್ಟ ಜೋಯಾ ಮಾತ್ರ ಅದನ್ನು ಅಕ್ಷರಶಃ ನಂಬಿ, ಅಪ್ಪ ಅಂಚೆಯವನೆಂದು ಶಾಲೆಯಲ್ಲೆಲ್ಲ ಸಾರಿಬಿಟ್ಟಳು. ಮಕ್ಕಳು ಬಿಡುತ್ತಾರೆಯೇ? ಅಂಚೆಚೀಟಿ ತಂದುಕೊಡು ಎಂದು ಗಂಟುಬಿದ್ದರು.

"ಅಪ್ಪಾ, ನಿಮ್ಮ ಆಫೀಸಲ್ಲಿ ಹಿಮಕರಡಿದು ಇದೆಯಾ?"

ಮತ್ವೇಯ್ ಲುಕಿಚ್ ಸೂಪಿನ ತಟ್ಟೆಯಿಂದ ತಲೆಯೆತ್ತಲಿಲ್ಲ. "ನೋಡ್ತೀನಿ ಮರಿ. ಮೇಲಿನೋರನ್ನ ಕೇಳ್ಬೇಕು."

ಗುಟ್ಟು ಬಿಡುವಂತಿಲ್ಲ, ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಪಾಪ, ಸಂಬಳದ ದಿನ ಅಂಚೆಕಚೇರಿಯಲ್ಲಿ ಸರದಿ ನಿಂತು ಹಿಮಕರಡಿ, ರಾಕೆಟ್ಟು, ಚಿಟ್ಟೆ ಎಲ್ಲ ಕೊಂಡು ತಂದ. ತರಗತಿಯ ಮಕ್ಕಳ ಆಲ್ಬಮ್ಮುಗಳೆಲ್ಲ ತುಂಬಿದವು.

ನಿಜ ತಿಳಿದಾಗ ಜೋಯಾ ವೈದ್ಯಕೀಯ ಓದುತ್ತಿದ್ದಳು. ರಜೆಗೆ ಬಂದವಳು ಅಡುಗೆಮನೆಯಲ್ಲೇ ಅಂದುಬಿಟ್ಟಳು, "ನೀನು ತೂತು ಮಾಡೋದು, ನಾನು ಹೊಲಿಯೋದು. ಒಳ್ಳೆ ಮನೆತನದ ಕಸುಬು ಅಪ್ಪ."

ಅವನು ಚಹಾದ ಲೋಟವನ್ನೂ ಜೇನಿನ ಬಿಸ್ಕತ್ತನ್ನೂ ಅವಳ ಕಡೆ ಸರಿಸಿದ. ಆಮೇಲೆ ಆ ಮಾತು ಆ ಮನೆಯಲ್ಲಿ ಬರಲೇ ಇಲ್ಲ.

\*

ಊಟದ ಮೇಜಿನ ತುದಿಯಲ್ಲಿ ಸತ್ತವನ ಪಾಲಿನ ವೋಡ್ಕಾ, ಅದರ ಮೇಲೆ ಮುಚ್ಚಿದ ಕಪ್ಪು ರೊಟ್ಟಿಯ ತುಂಡು. ಜೇನು, ಒಣದ್ರಾಕ್ಷಿ ಬೆರೆಸಿ ಬೇಯಿಸಿದ ಗೋಧಿಯನ್ನು ಎಲ್ಲರೂ ಒಂದೊಂದು ಚಮಚ ತಿಂದಾಗಿತ್ತು. ತೈಸಿಯಾ ಬಿಸಿ ದೋಸೆ ಹುಯ್ದು ತಂದು ತಂದು ಬಡಿಸುತ್ತಿದ್ದಳು.

ಸವೇಲಿ ಮೊದಲು ಎದ್ದ. "ನಮ್ಮ ಮತ್ವೇಯ್ ಮಾಡಿದ ಆ ರೈಫಲ್ಲು..." ಎಂದು ಶುರುಮಾಡಿದ.

ಕಾರ್ಖಾನೆಯಿಂದ ಬಂದ ಅಧಿಕಾರಿ ಅವನ ತೋಳು ಜಗ್ಗಿದ. "ಸವೇಲಿ ಇಗ್ನಾತಿಚ್, ಅದು ಗುಟ್ಟು."

"ಹಾಂ?"

"ಗುಟ್ಟು."

"ಗಟ್ಟಿಯಾಗಾ? ಇನ್ನೆಷ್ಟು ಗಟ್ಟಿಯಾಗಿ ಹೇಳ್ಲಪ್ಪ," ಎಂದವನೇ ಸವೇಲಿ ಬೀದಿಗೆ ಕೇಳುವ ಹಾಗೆ ಮುಂದುವರಿಸಿದ. ಅಧಿಕಾರಿ ತಲೆ ಮೇಲೆ ಕೈಹೊತ್ತು ಕೂತ.

"ಸೈನ್ಯದ ಆ ರೈಫಲಿನ ಕುದುರೆ, ಬೆರಳಲ್ಲಿ ಎಳೆಯೋ ಆ ಕೀಲು, ಇವನದು. ಸುಳ್ಳು ಹೇಳಲ್ಲ ಜೋಯಾ. ಅದು ಹೋಗಬಾರದ ಕೈಗೂ ಹೋಗಿದೆ, ನಮಗೂ ಗೊತ್ತು. ಆದ್ರೆ ಇವನು ಅದನ್ನ ಬಿಟ್ಟು, ತಾನಾಗೇ ಕೇಳ್ಕೊಂಡು ಹಗ್ಗದ ವಿಭಾಗಕ್ಕೆ ಹೋದ. ಮೆಡಲ್ಲು ಬಿಟ್ಟು ಹಗ್ಗ ಹೊಸೆಯೋಕೆ ಹೋದ ಅಂತ ನಾವೆಲ್ಲ ನಕ್ವಿ. ಯಾಕಯ್ಯಾ ಅಂದ್ರೆ ಏನಂದ ಗೊತ್ತಾ? ಮನೇಲಿ ಹೊಲಿಯೋಳು ಒಬ್ಬಳಿದಾಳೆ, ಅವಳಿಗೂ ಸ್ವಲ್ಪ ಕೆಲಸ ಕಮ್ಮಿಯಾಗ್ಲಿ ಅಂದ."

ಜೋಯಾ ಫೋರ್ಕು ಕೆಳಗಿಟ್ಟಳು. "ಹಗ್ಗದ ವಿಭಾಗ ಅಂದ್ರೇನು ಮಾಮ?" ಎಂದು ಕೇಳಿದಳು. ಸವೇಲಿಗೆ ಕೇಳಿಸಲಿಲ್ಲ.

ಉತ್ತರ ಬಂದದ್ದು ಮೇಜಿನ ಮೂಲೆಯಿಂದ. ಅಲ್ಲಿ ಯಾರಿಗೂ ಗುರುತಿಲ್ಲದ, ಕರಡಿಯಂಥ ಆಳೊಬ್ಬ ಕೂತಿದ್ದ. ಹೆಸರು ರೊದಿಯೋನ್, ದೂರದ ಮುರ್ಮಾನ್ಸ್ಕ್ ಬಂದರಿನಲ್ಲಿ ಮೀನುಗಾರಿಕೆ ಹಡಗಿನ ಕಪ್ತಾನ. ಪೇಪರಿನಲ್ಲಿ ಸಾವಿನ ಸುದ್ದಿ ನೋಡಿ, ಹೊಗೆಯಲ್ಲಿ ಒಣಗಿಸಿದ ಮೀನಿನ ಕಟ್ಟು ಹಿಡಿದು ರೈಲು ಹತ್ತಿ ಬಂದಿದ್ದ.

"ಗುಂಡಲ್ಲ ಅಮ್ಮಾ, ಹಗ್ಗ ಹಾರಿಸೋ ಬಂದೂಕು," ಎಂದ. "ನಮ್ಮ ಹಡಗು ಬಂಡೆಗೆ ಸಿಕ್ಕಿಹಾಕಿಕೊಂಡಿತ್ತು. ಅಲೆ ಹೇಗಿತ್ತು ಅಂದ್ರೆ, ಕಾಪಾಡೋಕೆ ಬಂದ ಹಡಗಿಗೆ ಹತ್ರ ಬರೋಕೇ ಆಗ್ಲಿಲ್ಲ. ದೂರದಿಂದ ಬಂದೂಕು ಹಾರಿಸಿದ್ರು. ತೆಳ್ಳನೆ ದಾರ ನಮ್ಮ ತಲೆ ಮೇಲೆ ಬಂದು ಬಿತ್ತು. ದಾರ ಎಳೆದ್ವಿ, ಹಗ್ಗ ಬಂತು. ಹಗ್ಗ ಹಿಡಿದು ನಾವೆಲ್ಲ ಆಚೆ ದಾಟಿದ್ವಿ. ಅದನ್ನ ಮಾಡಿದೋರ ಹೆಸರು ಆ ಹಡಗಿನವರೇ ಹೇಳಿದ್ರು. ಆ ಚಳಿಗೆ ಮೊದಲಿನ ದಾರಗಳು ಗಂಟಾಗಿ ಮಧ್ಯದಲ್ಲೇ ಕಿತ್ತುಹೋಗ್ತಿದ್ವಂತೆ. ಇವರದು ಗಂಟಾಗ್ಲಿಲ್ಲ."

"ಹೇಗೆ ಗಂಟಾಗತ್ತೆ?" ತೈಸಿಯಾ ದೋಸೆಯ ಸೌಟು ಹಿಡಿದೇ ಒಳಬಂದಳು. "ನನ್ನ ಉಣ್ಣೆ ಉಂಡೆಗಳನ್ನೆಲ್ಲ ಹಾಳು ಮಾಡಿಟ್ಟ. ಒಳಗಿನಿಂದ ಎಳೀತಾನೆ, ಹೊರಗಿನಿಂದ ಎಳೀತಾನೆ, ಮತ್ತೆ ಸುತ್ತುತಾನೆ. ಆ ಚಳಿಗಾಲ ಮನೇಲಿ ಒಂದು ಕಾಲುಚೀಲ ಹೆಣೆಯೋಕಾಗ್ಲಿಲ್ಲ ನನಗೆ."

ಆ ಚಳಿಗಾಲ ರಜೆಗೆ ಬಂದದ್ದು ಜೋಯಾಗೆ ನೆನಪಿತ್ತು. ಪಡಸಾಲೆಯ ಉದ್ದಕ್ಕೂ ಕೆಂಪು ಉಣ್ಣೆಯ ಎಳೆ ಬಿದ್ದಿತ್ತು, ಅಪ್ಪ ನೆಲದಲ್ಲಿ ಮಂಡಿಯೂರಿದ್ದ. ಮುದುಕನಿಗೆ ಅರಳುಮರಳು ಅಂದುಕೊಂಡು ಅವಳು ಎಳೆಯನ್ನು ದಾಟಿ ತನ್ನ ಕೋಣೆಗೆ ಹೋಗಿದ್ದಳು. ಅವನೂ ಕರೆದು ಹೇಳಲಿಲ್ಲ. ಹೇಳಬಹುದಿತ್ತಲ್ಲ ಅಪ್ಪ, ಒಂದು ಮಾತು ಹೇಳಬಹುದಿತ್ತು ಎಂದು ಈಗ ಅವಳಿಗನ್ನಿಸಿತು.

ಎಲ್ಲರ ಕಣ್ಣೂ ಅವಳ ಮೇಲಿತ್ತು. ಜೋಯಾ ಗ್ಲಾಸು ಹಿಡಿದು ಎದ್ದಳು. ಆಪರೇಷನ್ ಕೋಣೆಯ ಅಭ್ಯಾಸ, ಅವಳ ಮಾತು ಯಾವತ್ತೂ ಮೆಲ್ಲಗೆ.

"ಅಪ್ಪ ಮಾಡಿದ್ದನ್ನೆಲ್ಲ ಒಪ್ಪೋಕೆ ನನಗೆ ಇವತ್ತೂ ಆಗಲ್ಲ. ಆದ್ರೆ ಈ ರೊದಿಯೋನ್ ಇಲ್ಲಿ ಕೂತು ಬಿಸಿ ದೋಸೆ ತಿಂತಿದಾರೆ. ಅದಕ್ಕೆ ನಾನು ಅಪ್ಪನಿಗೆ ಋಣಿ."

ಮುದುಕರೆಲ್ಲ ಕಿವಿಗೆ ಅಂಗೈ ಒಡ್ಡಿ ಮುಂದಕ್ಕೆ ಬಾಗಿದರು.

"ದಣಿದೆಯಾ? ಕೂತ್ಕೋ ಮಗಳೇ, ಪರವಾಗಿಲ್ಲ," ಎಂದ ಸವೇಲಿ.

"ಋಣಿ ಅಂದೆ ಮಾಮ," ಎಂದು ಜೋಯಾ ದನಿಯೇರಿಸಿದಳು.

"ಏನಂತಾಳೆ?" ಎಂದು ಪಕ್ಕದವ ಸವೇಲಿಯನ್ನು ಕೇಳಿದ. "ಗೊತ್ತಾಗ್ಲಿಲ್ಲ," ಎಂದು ಸವೇಲಿ ಅರಚಿದ.

ಜೋಯಾ ಗ್ಲಾಸು ಕೆಳಗಿಟ್ಟು, ಎರಡೂ ಕೈ ಮೇಜಿಗೂರಿ, ಹುಟ್ಟಿದಾಗಿನಿಂದ ಎತ್ತದ ದನಿಯಲ್ಲಿ ಕೂಗಿದಳು. "ಅಪ್ಪಾ, ನಿನಗೆ ನಾನು ಋಣಿ." ಕೂಗುವಾಗಲೇ ಕಣ್ಣೀರು ಗಲ್ಲಕ್ಕೆ ಇಳಿಯಿತು. ಗದ್ದಲ ತಾಳಲಾರದೆ ಕೆಳಗಿನ ಮನೆಯವರು ಬಿಸಿನೀರಿನ ಕೊಳವೆಗೆ ಟಣಟಣ ಬಡಿಯತೊಡಗಿದರು. ಮುದುಕರಲ್ಲಿ ಯಾರಿಗೂ ಅದು ಕೇಳಿಸಲಿಲ್ಲ. ಅವರು ಇನ್ನೂ ಅಂಗೈ ಒಡ್ಡಿಯೇ ಕೂತಿದ್ದರು.

"ಇನ್ನೊಂದ್ಸಲ ಹೇಳೇ," ಎಂದಳು ತೈಸಿಯಾ.

ಕೊಳವೆಯ ಬಡಿತ ನಡೆದೇ ಇತ್ತು. ಜೋಯಾ ಕಣ್ಣೊರೆಸಿಕೊಳ್ಳದೆ, ಎದೆ ತುಂಬ ಉಸಿರೆಳೆದುಕೊಂಡು ಮತ್ತೆ ಕೂಗಿದಳು.