ದೋಹಾದ ಹಮೂರಿಗೆ ಮಳೆಗಾಲ ಗೊತ್ತಿಲ್ಲ

ಶುಕ್ರವಾರ ಮೀನು ಹಿಡಿಯಲು ಹೋದವರು ಬಕೆಟ್ ಹಿಡಿದು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಕಳೆದ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲೂ ಅದೇ ನಡೆಯಿತು.

"ಎಂತ ಇದು? ಹಮೂರ್ ತರ್ತೇನೆ ಅಂತ ಹೋದವರು ಹಮೂರಿನ ಮರಿಮಗುವನ್ನು ತಂದಿದ್ದೀರಲ್ಲ!" ಎಂದರು ಚೆನ್ನಕ್ಕ.

"ಕಡಲಲ್ಲಿ ಇದ್ದದ್ದು ಅದೇ ಮಾರಾಯ್ತಿ. ಇಲ್ಲದ್ದನ್ನು ನಾನು ಎಲ್ಲಿಂದ ತರುದು?" ಎಂದರು ಅವರ ಗಂಡ ತುಕ್ರಣ್ಣ. ಹಮೂರ್ ಎಂದರೆ ಇಲ್ಲಿಯ ಕಡಲಿನಲ್ಲಿ ಎಲ್ಲರಿಗೂ ಬೇಕಾದ ದೊಡ್ಡ ಮೀನು.

ನಾನು ಅಮಿತಾ. ದೋಹಾ ಅಲ್ ಜದೀದಾದಲ್ಲಿ ತುಕ್ರಣ್ಣನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಬಿದ್ದರೆ ಈ ಕಡೆ ನಾನು ಸೀನುತ್ತೇನೆ. ಇನ್ನೊಂದು ವಿಷಯ, ನನಗೂ ಗಾಳದ ಹುಚ್ಚು ಇದೆ. ತುಕ್ರಣ್ಣ ಗುರು, ನಾನು ಶಿಷ್ಯೆ. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ತುಕ್ರಣ್ಣ ಮಲ್ಪೆಯವರು. ಎಲೆಕ್ಟ್ರಿಷಿಯನ್ ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸತರಲ್ಲಿ ಕೆಲಸ ನಿಂತುಹೋಗಿತ್ತಂತೆ. ಒಂದೇ ಕೋಣೆಯಲ್ಲಿ ಏಳು ಜನ. ಅಕ್ಕಿ ಇತ್ತು, ಅನ್ನಕ್ಕೆ ಹಾಕಿಕೊಳ್ಳಲು ಏನೂ ಇರಲಿಲ್ಲ. ಆಗ ದಿನಾ ಸಂಜೆ ದಡದಲ್ಲಿ ಕುಳಿತು ಗಾಳ ಹಾಕಿ ಎಲ್ಲರಿಗೂ ಮೀನುಸಾರಿನ ದಾರಿ ಮಾಡಿದವರು ಅವರು. "ಈ ಕಡಲು ನಮ್ಮನ್ನು ಉಪವಾಸ ಹಾಕ್ಲಿಲ್ಲ" ಎಂದು ಈಗಲೂ ಹೇಳುತ್ತಾರೆ.

ಆ ಋಣಕ್ಕೆ ಅವರು ಒಂದು ನೇಮ ಇಟ್ಟುಕೊಂಡಿದ್ದರು. ಊರಿನಲ್ಲಿ ಮಳೆಗಾಲ ಬಂತೆಂದರೆ ದೋಣಿಗಳು ದಡ ಸೇರುತ್ತವೆ. ಮೀನು ಮೊಟ್ಟೆ ಇಡುವ ಕಾಲ, ಕಡಲಿಗೆ ರಜೆ. ತುಕ್ರಣ್ಣ ದೋಹಾದಲ್ಲೂ ಜೂನ್, ಜುಲೈ ತಿಂಗಳಲ್ಲಿ ಗಾಳ ಮುಟ್ಟುತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ಬರುವ ನೂಲ ಹುಣ್ಣಿಮೆಯ ದಿನ ದೋಹಾದ ಪಕ್ಕದ ವಕ್ರಾದ ದಡದಲ್ಲಿ ಸದ್ದಿಲ್ಲದೆ ಒಂದು ಲೋಟ ಹಾಲು ಎರೆದು, ಕೈಮುಗಿದು, ಆಮೇಲೆಯೇ ಮತ್ತೆ ಗಾಳ. ಅವರನ್ನು ನೋಡಿ ನಾವು ಕರಾವಳಿಯ ಗಾಳದವರೆಲ್ಲ ಹಾಗೆಯೇ ಮಾಡುತ್ತಿದ್ದೆವು. ನಮಗೆ ಅದು ಹೆಮ್ಮೆ. ಸ್ವಲ್ಪ ಜಂಬವೂ ಇತ್ತು ಎನ್ನಿ.

ಬಕೆಟ್ ಬಂದ ಆ ಶುಕ್ರವಾರ ಸಂಜೆ ತುಕ್ರಣ್ಣನ ಮನೆಗೆ ಗಿರಿಧರ್ ಬಂದರು. ಮೈಸೂರಿನವರು, ಅಲ್ ಸದ್ದ್‌ನಲ್ಲಿ ಆಫೀಸು. ಮೀನು ತಿನ್ನುವುದಿಲ್ಲ, ಆದರೆ ಹಿಡಿಯುತ್ತಾರೆ. ಹಿಡಿದು, ಫೋಟೋ ತೆಗೆದು, ಮತ್ತೆ ಕಡಲಿಗೇ ಬಿಡುತ್ತಾರೆ. ತುಕ್ರಣ್ಣನಿಗೆ ಇದು ಯಾವತ್ತೂ ಅರ್ಥವಾದದ್ದಿಲ್ಲ. "ಹೆಣ್ಣು ನೋಡ್ಲಿಕ್ಕೆ ಹೋಗಿ ಉಪ್ಪಿಟ್ಟು ತಿಂದು ವಾಪಸ್ ಬರುವವರ ಜಾತಿ ಇವರು" ಎಂದು ತಮಾಷೆ ಮಾಡುತ್ತಿದ್ದರು.

"ತುಕ್ರಣ್ಣ, ಒಂದು ಕೆಲಸ ಆಗ್ಬೇಕಿತ್ತು" ಎಂದರು ಗಿರಿಧರ್. "ಗಾಳದವರೆಲ್ಲ ಸೇರಿ ಮೀನುಗಾರಿಕೆ ಇಲಾಖೆಗೆ ಒಂದು ಮನವಿ ಕೊಡ್ತಾ ಇದ್ದೀವಿ. ಹಮೂರ್ ಹಿಡಿಯೋ ನಿಯಮ ಇನ್ನೂ ಬಿಗಿ ಆಗ್ಬೇಕು ಅಂತ. ಮರಿ ಹಿಡೀಬಾರದು. ತೀರಾ ದೊಡ್ಡದನ್ನೂ ಹಿಡೀಬಾರದು. ಮೊಟ್ಟೆ ಕಾಲದಲ್ಲಂತೂ ಮುಟ್ಲೇಬಾರದು. ನೀವು ಸೈನ್ ಹಾಕಿದ್ರೆ ಕರಾವಳಿಯವರೆಲ್ಲ ಹಾಕ್ತಾರೆ."

"ಗಾಳದವರೇ ಹೋಗಿ ಗಾಳಕ್ಕೆ ಕಾನೂನು ಕೇಳುದಾ? ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ ಆಯ್ತಲ್ಲ!"

"ಅಲ್ಲ, ದೊಡ್ಡದನ್ನು ಯಾಕೆ ಬಿಡುದು?" ಎಂದು ಚೆನ್ನಕ್ಕ ಕೇಳಿದರು.

"ಹಮೂರ್ ಮೊದಲು ಹೆಣ್ಣಾಗಿಯೇ ಬೆಳೆಯತ್ತೆ ಅಕ್ಕ. ಎಷ್ಟೋ ವರ್ಷ ಆದ್ಮೇಲೆ, ದೊಡ್ಡದಾದ್ಮೇಲೆ ಕೆಲವು ಗಂಡಾಗ್ತವೆ. ದೊಡ್ಡದನ್ನೆಲ್ಲ ಹಿಡಿದುಬಿಟ್ರೆ ಗಂಡು ಉಳಿಯಲ್ಲ. ಸಣ್ಣದನ್ನೆಲ್ಲ ಹಿಡಿದುಬಿಟ್ರೆ ಮೊಟ್ಟೆ ಇಡೋಕೆ ಹೆಣ್ಣೂ ಉಳಿಯಲ್ಲ."

"ಮತ್ತೆ ನಾವು ಯಾವುದನ್ನು ತಿನ್ನುದು ಮಾರಾಯ್ರೆ?" ಎಂದರು ತುಕ್ರಣ್ಣ.

"ನಡುವಿನದ್ದು. ಅದೂ ಮನೆಗೆ ಬೇಕಾದಷ್ಟು."

ತುಕ್ರಣ್ಣನಿಗೆ ಸಿಟ್ಟು ಬಂತು. "ಗಿರಿಧರ್, ನೀವು ಒಳ್ಳೆಯವರು. ಆದ್ರೆ ನಮಗೆ ಕಡಲಿನ ಕಾನೂನು ಹೇಳ್ಬೇಡಿ. ಮೊಟ್ಟೆ ಕಾಲದಲ್ಲಿ ಕಡಲಿಗೆ ರಜೆ ಕೊಡುದು ನಮ್ಮ ಅಜ್ಜನ ಕಾಲದ ಕಾನೂನು. ಯಾರೂ ಹೇಳದೆ ನಾನು ಇಲ್ಲಿ ಅದನ್ನು ನಡೆಸ್ತಾ ಇದ್ದೇನೆ. ಮತ್ತೆ, ಮುಂದಿನ ಶನಿವಾರ ನನ್ನ ಮಗಳ ಸೀಮಂತ ಉಂಟು. ಅವಳಿಗೆ ಹಮೂರಿನ ಮೊಟ್ಟೆ ಫ್ರೈ ತಿನ್ಬೇಕು ಅಂತ ಆಸೆ ಆಗಿದೆ. ನಾನೇ ಹಿಡಿದು ತರ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಈಗ ಕಾನೂನು ಗೀನೂನು ಬೇಡ. ಖಲಾಸ್!"

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರಲ್ಲ? ಚೆನ್ನಕ್ಕ ಅದನ್ನು ಗಟ್ಟಿಯಾಗಿ ನಂಬುವವರು. ಮಗಳು ದೀಕ್ಷಿತಾ ಮದೀನತ್ ಖಲೀಫಾದಲ್ಲಿ ಗಂಡನ ಜೊತೆ ಇದ್ದಾಳೆ. ಒಬ್ಬಳೇ ಮಗಳು, ಚೊಚ್ಚಲ ಬಸುರಿ. ಅವಳು ಕೇಳಿದ್ದು ಚಿನ್ನವಲ್ಲ, ಅಪ್ಪ ಹಿಡಿದ ಮೀನಿನ ಮೊಟ್ಟೆ. ಯಾವ ಅಪ್ಪ ಇಲ್ಲ ಎನ್ನುತ್ತಾನೆ? ಗಿರಿಧರ್ ಚೆನ್ನಕ್ಕ ಕೊಟ್ಟ ಚಹಾ ಕುಡಿದು ಎದ್ದುಹೋದರು.

ಮರುವಾರ ಶುಕ್ರವಾರ ಬೆಳಿಗ್ಗೆ ನಾವು ಅಲ್ ಖೋರ್‌ನಿಂದ ಜಾಬಿರ್ ಅವರ ದೋಣಿ ಹತ್ತಿದೆವು. ಜಾಬಿರ್ ಇಲ್ಲಿಯವರೇ, ವಯಸ್ಸಾದವರು, ಅಜ್ಜನ ಕಾಲದಿಂದಲೂ ಕಡಲಿನವರು. ದೋಣಿಯಲ್ಲಿ ಅವರು, ತುಕ್ರಣ್ಣ, ನಾನು, ಮತ್ತೆ ಗಿರಿಧರ್. ವಾರದ ಹಿಂದಿನ ಮಾತನ್ನು ಯಾರೂ ಎತ್ತಲಿಲ್ಲ. ಚಪಾತಿ ಸುರುಳಿ ಹಂಚಿಕೊಂಡು ತಿಂದೆವು. ಗಾಳದವರ ಜಗಳ ದಡದಲ್ಲಿಯೇ ಉಳಿಯುತ್ತದೆ.

ಬಿಸಿಲು ಏರುವವರೆಗೂ ಸಿಕ್ಕಿದ್ದು ಅಂಗೈಯಷ್ಟು ಉದ್ದದ ಮರಿಗಳು. ಜಾಬಿರ್ ಒಂದೊಂದನ್ನೂ ತಿರುಗಿ ನೀರಿಗೆ ಬಿಡುತ್ತ, ಹಿಂದಿಗೆ ಅರಬ್ಬಿ ಬೆರೆಸಿ ಹೇಳಿದರು: "ಪೆಹಲೇ ಇದರ್ ಹಮೂರ್ ಹೀ ಹಮೂರ್. ಅಬ್ ಮಾಫಿ!" ಮೊದಲು ಇಲ್ಲಿ ಬರೀ ಹಮೂರೇ ಇತ್ತು, ಈಗ ಇಲ್ಲವೇ ಇಲ್ಲ ಎಂದು. ಗಿರಿಧರ್ ತಂದಿದ್ದ ಮನವಿಗೆ ಮೊದಲು ಸಹಿ ಹಾಕಿದವರೂ ಅವರೇ ಎಂದು ಅವರ ಮಾತಿನಿಂದ ನನಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ತುಕ್ರಣ್ಣನ ಗಾಳದ ಕೋಲು ಬಗ್ಗಿತು.

ಅವರು ಕೂಗಲಿಲ್ಲ. ಹಲ್ಲು ಕಚ್ಚಿ, ಎಳೆದು, ಸಡಿಲ ಬಿಟ್ಟು, ಮತ್ತೆ ಎಳೆದು ಆಟ ಆಡಿಸಿದರು. ನೀರಿನ ಮೇಲೆ ಬಂದದ್ದನ್ನು ನೋಡಿ ನಾನೇ ಕಿರುಚಿದೆ. ಕಂದು ಮೈ, ಮೈತುಂಬ ಕಿತ್ತಳೆ ಚುಕ್ಕೆ, ಒಳ್ಳೆಯ ಹಮೂರ್. ಹೊಟ್ಟೆ ಮಾತ್ರ ಉಬ್ಬಿ ಬಿಗಿದಿತ್ತು. ಜಾಬಿರ್ ದೊಡ್ಡ ಪೆಟ್ಟಿಗೆಗೆ ಕಡಲ ನೀರು ತುಂಬಿ ಮೀನನ್ನು ಅದರಲ್ಲಿ ಬಿಟ್ಟರು.

"ನನ್ನ ಮಗಳ ಅದೃಷ್ಟ!" ಎಂದರು ತುಕ್ರಣ್ಣ. ಮುಖ ಅರಳಿತ್ತು. "ಹೊಟ್ಟೆ ತುಂಬ ಮೊಟ್ಟೆ ಉಂಟು ನೋಡು ಅಮಿತಾ!"

"ಹೌದು ತುಕ್ರಣ್ಣ, ಮೊಟ್ಟೆ ಇದೆ" ಎಂದರು ಗಿರಿಧರ್ ಮೆಲ್ಲಗೆ. "ಇದು ಏಪ್ರಿಲ್ ಅಲ್ವಾ?"

"ಏಪ್ರಿಲ್ ಆದ್ರೆ ಎಂತ?"

"ಮೀನು ಮೊಟ್ಟೆ ಇಡೋದು ಮಳೆಗಾಲದಲ್ಲಿ ಅಂದ್ರಿ."

"ಹೌದು, ಮಳೆಗಾಲದಲ್ಲೇ..." ಎಂದವರು ಅಲ್ಲಿಗೇ ನಿಂತರು.

"ಇಲ್ಲಿ ಮಳೆಗಾಲ ಎಲ್ಲಿದೆ ತುಕ್ರಣ್ಣ?"

ತುಕ್ರಣ್ಣ ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ. ಗಿರಿಧರ್ ಹೇಳಿದರು, "ಊರಿನ ಮೀನಿಗೆ ಊರಿನ ಕಾಲ. ಇಲ್ಲಿಯ ಹಮೂರ್ ಚಳಿ ಮುಗಿದು ನೀರು ಬೆಚ್ಚಗಾದಾಗ ಮೊಟ್ಟೆ ಇಡತ್ತೆ. ವಸಂತದಲ್ಲಿ. ಅಂದ್ರೆ ಈಗ. ನೀವು ಜೂನ್‌ನಲ್ಲಿ ರಜೆ ಕೊಡೋ ಹೊತ್ತಿಗೆ ಹೆಚ್ಚಿನವು ಮೊಟ್ಟೆ ಇಟ್ಟು ಮುಗಿಸಿರ್ತವೆ. ನಾವು ಜಾಸ್ತಿ ಹಿಡಿಯೋದು ಮಾರ್ಚ್, ಏಪ್ರಿಲ್‌ನಲ್ಲೇ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾವೆಲ್ಲ ಊರಿನ ಪಂಚಾಂಗ ಹಿಡಿದು ದೋಹಾದ ಮೀನಿಗೆ ಮುಹೂರ್ತ ಇಟ್ಟಿದ್ದೆವು. ನೇಮ ಒಳ್ಳೆಯದೇ, ಭಕ್ತಿಯೂ ಸುಳ್ಳಲ್ಲ. ತಿಂಗಳು ಮಾತ್ರ ತಪ್ಪು. ಹಸಿದಾಗ ಬಡಿಸದೆ, ಉಂಡು ಕೈತೊಳೆದ ಮೇಲೆ ಎಲೆ ಹಾಕಿದ ಹಾಗೆ.

ತುಕ್ರಣ್ಣ ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಮೀನು ಮೆಲ್ಲಗೆ ಕಿವಿರು ಆಡಿಸುತ್ತಿತ್ತು. "ನೀವು ಹೇಳುದು ಸರಿಯೇ ಇರ್ಬಹುದು" ಎಂದರು. "ಆದ್ರೆ ಮಗಳಿಗೆ ಮಾತು ಕೊಟ್ಟಿದ್ದೇನಲ್ಲ." ಫೋನ್ ತೆಗೆದು ಮನೆಗೆ ವಿಡಿಯೋ ಕಾಲ್ ಮಾಡಿದರು. ದೀಕ್ಷಿತಾ ಸೀಮಂತಕ್ಕೆಂದು ತಾಯಿಯ ಮನೆಗೆ ಬಂದಿದ್ದಳು. ಅಮ್ಮ, ಮಗಳು ಇಬ್ಬರೂ ಸ್ಕ್ರೀನಿನಲ್ಲಿ ಇಣುಕಿದರು. ತುಕ್ರಣ್ಣ ಮೀನು ತೋರಿಸಿ, ಗಿರಿಧರ್ ಹೇಳಿದ್ದನ್ನೂ ಮುಚ್ಚಿಡದೆ ಹೇಳಿದರು.

ದೀಕ್ಷಿತಾ ಮೀನನ್ನೇ ನೋಡಿದಳು. ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಅವಳ ಕನ್ನಡ ಅಷ್ಟಕ್ಕಷ್ಟೆ. ಆದರೆ ಆ ದಿನ ಹೇಳಿದ್ದು ನಮ್ಮೆಲ್ಲರಿಗೂ ನಾಟಿತು. "ಪಪ್ಪಾ, ಅದಕ್ಕೂ ನನ್ನ ಹಾಗೆ ಡ್ಯೂ ಡೇಟ್ ಹತ್ತಿರ ಬಂದಿದೆ ಅಲ್ವಾ? ಬಿಟ್ಬಿಡಿ ಪಪ್ಪಾ."

"ಎಂತ ಬಿಡುದು?" ಚೆನ್ನಕ್ಕ ಮಧ್ಯೆ ಬಂದರು. "ಬಯಕೆ ತೀರದಿದ್ರೆ ಮಗುವಿನ ಕಿವಿ ಸೋರ್ತದೆ!"

"ಕಿವಿ ಸೋರಿದ್ರೆ ಡಾಕ್ಟರ್ ಇದ್ದಾರೆ ಅಮ್ಮಾ. ಹಮೂರ್ ಫಿನಿಶ್ ಆದ್ರೆ ಯಾವ ಡಾಕ್ಟರ್ ಹತ್ರ ಹೋಗುದು? ನನ್ನ ಬೇಬಿ ದೊಡ್ಡದಾಗಿ, ಅಜ್ಜ ಹಮೂರ್ ಹಿಡಿದದ್ದು ಅಂತ ಫೋಟೋ ಮಾತ್ರ ನೋಡುದಾ? ನನ್ನ ಬಯಕೆ ಅಲ್ವಾ? ನಾನೇ ಚೇಂಜ್ ಮಾಡ್ತೇನೆ. ನನಗೆ ಕೋರಿ ರೊಟ್ಟಿ ಬೇಕು."

ಚೆನ್ನಕ್ಕ ಮಗಳ ಹೊಟ್ಟೆ ಸವರಿ, "ಬಿಡಿ ಮಾರಾಯ್ರೆ" ಎಂದರು. "ತುಂಬಿದ ಹೊಟ್ಟೆಯನ್ನು ಸೀಮಂತದ ಮನೆಯಲ್ಲಿ ಕೊಯ್ಯುದು ನನಗೂ ಆಗ್ಲಿಕ್ಕಿಲ್ಲ."

ಬಿಡುವುದೆಂದರೆ ನೀರಿಗೆ ಎಸೆಯುವುದಲ್ಲ. ಅದಕ್ಕೂ ಕ್ರಮ ಇದೆ, ಗಿರಿಧರ್ ತೋರಿಸಿಕೊಟ್ಟರು. ಒಣಗಿದ ಕೈಯಿಂದ ಮುಟ್ಟಿದರೆ ಮೀನಿನ ಮೈಯ ಲೋಳೆ ಹೋಗುತ್ತದೆ, ಆದ್ದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಕಿವಿರಿಗೆ ಬೆರಳು ಹಾಕಬಾರದು. ಕೊಕ್ಕೆಯನ್ನು ಇಕ್ಕಳದಿಂದ ಮೆಲ್ಲಗೆ ತಿರುಗಿಸಿ ತೆಗೆಯಬೇಕು. ಆಮೇಲೆ ಹೊಟ್ಟೆಯ ಕೆಳಗೆ ಕೈಕೊಟ್ಟು, ನೀರಿನೊಳಗೆ ನೆಟ್ಟಗೆ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾಯಬೇಕು.

ತುಕ್ರಣ್ಣ ಹಾಗೆಯೇ ಮಾಡಿದರು. ಕೈಗಳನ್ನು ಮೊಣಕೈವರೆಗೆ ನೀರಿನಲ್ಲಿಟ್ಟು, ಬಾಣಂತಿಯ ಮಗುವನ್ನು ಹಿಡಿದಂತೆ ಹಿಡಿದಿದ್ದರು. ಹಮೂರ್ ಒಮ್ಮೆ ಬಾಲ ಬೀಸಿತು, ಅವರ ಮುಖಕ್ಕೆ ನೀರು ಹಾರಿಸಿ ಕೆಳಗಿಳಿದು ಹೋಯಿತು.

"ಯಲ್ಲಾ, ರೂಹ್!" ಸರಿ, ಹೊರಡು ಎಂದು ಜಾಬಿರ್ ನಗುತ್ತ ಅದನ್ನು ಬೀಳ್ಕೊಟ್ಟರು.

ತುಕ್ರಣ್ಣ ಒದ್ದೆ ಕೈಯನ್ನೇ ಜೋಡಿಸಿ ಕಡಲಿಗೆ ಮುಗಿದರು. "ಇಷ್ಟು ವರ್ಷ ಹಾಲು ಎರೆದೆ. ಅದು ಅಂಗಡಿಯ ಹಾಲು. ಅದರದ್ದನ್ನು ಅದಕ್ಕೇ ವಾಪಸ್ ಕೊಟ್ಟದ್ದು ಇವತ್ತೇ" ಎಂದರು. ನಾನು ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಉಪ್ಪುನೀರು ಹಾರಿದ್ದು ಎಂದು ಸುಳ್ಳು ಹೇಳುವುದಿಲ್ಲ, ನಾನು ಅತ್ತದ್ದೇ ಹೌದು.

ಶನಿವಾರ ಸೀಮಂತ. ಹಸಿರು ಬಳೆ, ಮಲ್ಲಿಗೆ, ಅರಸಿನ ಕುಂಕುಮ. ಬಡಿಸಿದ್ದು ಕೋಳಿ ಸಾರು ಹಾಕಿದ ಕೋರಿ ರೊಟ್ಟಿ. ಗಿರಿಧರ್ ಕುಟುಂಬಕ್ಕೆ ಬೇರೆ ಪಾತ್ರೆಯಲ್ಲಿ ಸಾರು, ಪಾಯಸ. ಊಟ ಮುಗಿದ ಮೇಲೆ ತುಕ್ರಣ್ಣ ಎಲ್ಲರೆದುರು ಎದ್ದು ನಿಂತರು.

"ನನಗೆ ಭಾಷಣ ಬರುದಿಲ್ಲ. ಹೊಟ್ಟೆ ಖಾಲಿ ಇದ್ದಾಗ ಈ ಕಡಲು ನನಗೆ ಊಟ ಹಾಕಿದೆ. ಇಲ್ಲಿ ಕೂತ ನಿಮ್ಮಲ್ಲಿ ಸುಮಾರು ಜನಕ್ಕೂ ಹಾಕಿದೆ. ಉಂಡ ಮನೆಗೆ ಎರಡು ಬಗೆಯುದು ಬೇಡ. ಇನ್ನು ನಮ್ಮ ರಜೆ ಊರಿನ ಮಳೆಗೆ ಅಲ್ಲ, ಇಲ್ಲಿಯ ಹಮೂರಿಗೆ. ಎಲ್ಲಿ ಗಿರಿಧರ್, ಆ ಮನವಿ ಕೊಡಿ."

ಸಹಿ ಹಾಕಿದರು. ಅವರ ಹಿಂದೆ ನಾನು, ನನ್ನ ಹಿಂದೆ ಸಾಲು. ಚೆನ್ನಕ್ಕ ಗಾಳ ಮುಟ್ಟಿದವರಲ್ಲ, ಆದರೂ ಹಾಕಿದರು. "ಬಕೆಟ್ ನೋಡಿ ಬೈಯುವವಳು ನಾನಲ್ವಾ, ನಂದೂ ಇರ್ಲಿ" ಎಂದರು. ಗಿರಿಧರ್ ಬಂದು ತುಕ್ರಣ್ಣನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಾಗ, "ಆಯ್ತು ಆಯ್ತು, ಪಾಯಸ ಇನ್ನೊಂದು ಲೋಟ ಕುಡೀರಿ" ಎಂದು ತುಕ್ರಣ್ಣ ಎಬ್ಬಿಸಿದರು.

ಮನವಿ ತಲುಪಿದೆ. ಉತ್ತರ ಬರಲಿದೆ, ನಾವು ಕಾಯುತ್ತಿದ್ದೇವೆ. ಬೇಸಗೆಯಲ್ಲಿ ದೀಕ್ಷಿತಾಳಿಗೆ ಹೆಣ್ಣುಮಗು ಹುಟ್ಟಿತು. ಕಿವಿ ಸೋರಲಿಲ್ಲ. ಅಜ್ಜಿಮನೆಗೆ ಬಂದಾಗ ಅದರ ಅಳು ಮಾತ್ರ ನಮ್ಮ ಗೋಡೆ ದಾಟಿ ಕೇಳುತ್ತದೆ, ಕೇಳಿದಾಗಲೆಲ್ಲ ನನಗೆ ಆ ಹಮೂರ್ ನೆನಪಾಗುತ್ತದೆ. ಅದರ ಮರಿಗಳೂ ಎಲ್ಲೋ ಬಂಡೆಯ ಸಂದಿಯಲ್ಲಿ ಬೆಳೆಯುತ್ತಿರಬಹುದು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಗಾಳ ಬಿಡಿ ಎಂದು ನಾವು ಹೇಳುತ್ತಿಲ್ಲ. ಮರಿಯನ್ನು ಬಿಡಿ, ತೀರಾ ದೊಡ್ಡದನ್ನು ಬಿಡಿ, ಮನೆಗೆ ಬೇಕಾದಷ್ಟೇ ತನ್ನಿ. ಈಗಿರುವ ನಿಯಮಗಳನ್ನು ಕೇಳಿ ತಿಳಿದು ಪಾಲಿಸಿ. ಇನ್ನೂ ಬಿಗಿಯಾದ ನಿಯಮ ಬೇಕೆಂದು ಕೇಳುವವರ ಜೊತೆ ನೀವೂ ದನಿಗೂಡಿಸಿ. ಕಾನೂನು ಬರುವವರೆಗೆ ಕಾಯಬೇಕೆಂದು ಯಾವ ಕಾನೂನೂ ಹೇಳಿಲ್ಲ. ನಮ್ಮನ್ನು ಉಪವಾಸ ಹಾಕದ ಕಡಲಿಗೆ ನಾವು ಹೇಳಬಹುದಾದ ಧನ್ಯವಾದ ಇದೊಂದೇ.

ಬರುವ ಏಪ್ರಿಲ್‌ನಲ್ಲಿ ನಿಮ್ಮ ಗಾಳಕ್ಕೂ ಒಂದು ಹಮೂರ್ ಬಂದೀತು. ಆಗ ಊರಿನ ಪಂಚಾಂಗ ನೋಡಬೇಡಿ. ಅದರ ಹೊಟ್ಟೆ ನೋಡಿ. ಕೈ ಒದ್ದೆ ಮಾಡಿಕೊಳ್ಳಿ.